ಇಂಗ್ಲಿಷ್ ನೌನ್ ಫ್ರೇಸ್: ಬಿಡಿಸುವುದು ಹೇಗೆ, ಕಟ್ಟುವುದು ಹೇಗೆ

ಇಂಗ್ಲಿಷ್ ಗ್ರಾಮರ್ ಕಲಿಯಲು ಕೂತವರು ಮೊದಲು ಕೈ ಹಾಕುವುದು ಟೆನ್ಸ್‌ಗೆ. ಪ್ರೆಸೆಂಟ್, ಪಾಸ್ಟ್, ಪರ್ಫೆಕ್ಟ್ ಅಂತ ಪಟ್ಟಿ ಮಾಡಿಕೊಂಡು ಬಾಯಿಪಾಠ ಮಾಡುತ್ತಾರೆ. ಅದೂ ಬೇಕು. ಆದರೆ ‘ದ’ ಎಲ್ಲಿ ಹಾಕಬೇಕು, ಕೊನೆಗೆ ‘ಎಸ್’ ಸೇರಿಸಬೇಕೋ ಬೇಡವೋ, ‘ಈಸ್’ ಸರಿಯೋ ‘ಆರ್’ ಸರಿಯೋ ಎಂಬ ಪ್ರಶ್ನೆಗಳಿಗೆ ಟೆನ್ಸ್ ಪಟ್ಟಿಯಲ್ಲಿ ಉತ್ತರ ಸಿಗುವುದಿಲ್ಲ. ಈ ಮೂರೂ ಪ್ರಶ್ನೆ ಹುಟ್ಟುವುದು ಒಂದೇ ಜಾಗದಲ್ಲಿ. ಅದೇ ನೌನ್ ಫ್ರೇಸ್, ಅಂದರೆ ಒಂದು ನಾಮಪದ ಮತ್ತು ಅದಕ್ಕೆ ಅಂಟಿಕೊಂಡ ಪದಗಳೆಲ್ಲ ಸೇರಿದ ಗುಂಪು.

ನಾಮಪದವನ್ನು ಒಂಟಿ ಪದವಾಗಿ ನೋಡುವುದನ್ನು ಬಿಟ್ಟು ಗುಂಪಾಗಿ ನೋಡಲು ಕಲಿತರೆ ಇಂಗ್ಲಿಷ್ ಓದುವುದೂ ಬರೆಯುವುದೂ ಎಷ್ಟೋ ಹಗುರಾಗುತ್ತದೆ. ಒಂದೊಂದೇ ಹೆಜ್ಜೆ ಇಡೋಣ.

ಹೆಜ್ಜೆ 1: ಗುಂಪು ಎಲ್ಲಿಂದ ಎಲ್ಲಿಯವರೆಗೆ?

ಈ ವಾಕ್ಯ ನೋಡಿ: ‘ದಿ ಓಲ್ಡ್ ಮ್ಯಾನ್ ಇನ್ ದ ಬ್ಲೂ ಶರ್ಟ್ ಈಸ್ ಮೈ ಟೀಚರ್.’

ಇದರಲ್ಲಿ ನಾಮಪದ ಯಾವುದು ಅಂತ ಕೇಳಿದರೆ ಮ್ಯಾನ್, ಶರ್ಟ್, ಟೀಚರ್ ಅಂತ ತಕ್ಷಣ ಹೇಳುತ್ತೀರಿ. ಸರಿ. ಆದರೆ ವಾಕ್ಯದ ಕರ್ತೃ ಯಾವುದು? ಬರೀ ‘ಮ್ಯಾನ್’ ಅಲ್ಲ. ‘ದಿ ಓಲ್ಡ್ ಮ್ಯಾನ್ ಇನ್ ದ ಬ್ಲೂ ಶರ್ಟ್’ ಎಂಬ ಏಳು ಪದಗಳೂ ಸೇರಿ ಒಬ್ಬ ವ್ಯಕ್ತಿಯನ್ನು ತೋರಿಸುತ್ತಿವೆ.

ಗುಂಪಿನ ಗಡಿ ಕಂಡುಹಿಡಿಯಲು ಒಂದು ಸುಲಭ ಪರೀಕ್ಷೆ ಇದೆ. ಗುಂಪು ಅನ್ನಿಸಿದ ಭಾಗವನ್ನು ಪೂರ್ತಿ ತೆಗೆದು ಅಲ್ಲಿ ‘ಹೀ’, ‘ಶೀ’, ‘ಇಟ್’ ಅಥವಾ ‘ದೇ’ ಇಟ್ಟು ನೋಡಿ. ಗುಂಪು ಕ್ರಿಯಾಪದದ ಆಚೆ ಇದ್ದರೆ ‘ಹಿಮ್’, ‘ಹರ್’, ‘ದೆಮ್’ ಇಡಿ. ‘ಹೀ ಈಸ್ ಮೈ ಟೀಚರ್’ ಸರಿಯಾಗಿ ನಿಂತಿತು. ಅಂದರೆ ಗಡಿ ಸರಿಯಾಗಿದೆ. ‘ಮ್ಯಾನ್’ ಒಂದನ್ನೇ ತೆಗೆದರೆ ಏನಾಗುತ್ತದೆ? ‘ದಿ ಓಲ್ಡ್ ಹೀ ಇನ್ ದ ಬ್ಲೂ ಶರ್ಟ್’ ಅಂತಾಗುತ್ತದೆ. ಯಾರೂ ಹಾಗೆ ಹೇಳಲ್ಲ.

ಸರ್ವನಾಮ ಅಂದರೆ ನಾಮಪದದ ಬದಲು ಬರುವ ಪದ ಅಂತ ನಾವೆಲ್ಲ ಓದಿದ್ದೇವೆ. ಇಂಗ್ಲಿಷ್ ಮಟ್ಟಿಗೆ ಆ ಮಾತು ಅರ್ಧ ಮಾತ್ರ ಸರಿ. ಅಲ್ಲಿ ಸರ್ವನಾಮ ಬರುವುದು ಇಡೀ ಗುಂಪಿನ ಬದಲು. ಇದೊಂದು ಮನಸ್ಸಿಗೆ ಹತ್ತಿದರೆ ಮುಂದಿನದು ಸಲೀಸು.

ಹೆಜ್ಜೆ 2: ಗುಂಪಿನ ಯಜಮಾನ ಯಾರು?

ಪ್ರತಿ ಗುಂಪಿನಲ್ಲೂ ಒಂದು ಮುಖ್ಯಪದ ಇರುತ್ತದೆ. ಗ್ರಾಮರ್ ಪುಸ್ತಕಗಳು ಅದನ್ನು ಹೆಡ್ ಅನ್ನುತ್ತವೆ. ಉಳಿದ ಪದಗಳೆಲ್ಲ ಅದಕ್ಕೆ ವಿವರ ಕೊಡುವವು. ಕ್ರಿಯಾಪದ ಏಕವಚನವೋ ಬಹುವಚನವೋ ಅಂತ ತೀರ್ಮಾನಿಸುವುದು ಇದೇ ಪದ.

ಎರಡು ನಾಮಪದ ಸುಮ್ನೆ ಅಕ್ಕಪಕ್ಕ ಕೂತಿದ್ದರೆ ಬಲಗಡೆಯದೇ ಮುಖ್ಯಪದ. ‘ಹೌಸ್‌ಬೋಟ್’ ಒಂದು ದೋಣಿ, ‘ಬೋಟ್‌ಹೌಸ್’ ದೋಣಿ ಇಡುವ ಕಟ್ಟಡ. ‘ರೇಸ್ ಹಾರ್ಸ್’ ಕುದುರೆ, ‘ಹಾರ್ಸ್ ರೇಸ್’ ಪಂದ್ಯ. ಪದಗಳು ಅವೇ. ಜಾಗ ಬದಲಾದ ಕೂಡಲೇ ವಸ್ತುವೇ ಬದಲಾಯಿತು. ಕನ್ನಡದಲ್ಲೂ ಹೀಗೇ ಅಲ್ವಾ? ‘ಮರದ ಕುರ್ಚಿ’ ಅಂದರೆ ಕುರ್ಚಿ, ಮರ ಅಲ್ಲ. ಹಾಗಾಗಿ ಇಲ್ಲಿ ನಮಗೆ ಕಷ್ಟವಿಲ್ಲ.

ಕಷ್ಟ ಶುರುವಾಗುವುದು ನಡುವೆ ‘ಆಫ್’, ‘ಇನ್’, ‘ವಿತ್’ ಥರದ ಪ್ರಿಪೊಸಿಷನ್ ಬಂದಾಗ. ಆಗ ಲೆಕ್ಕ ತಿರುಗಿಬಿಡುತ್ತದೆ. ಮೊದಲ ಪ್ರಿಪೊಸಿಷನ್‌ಗಿಂತ ಮುಂಚೆ ಇರುವ ನಾಮಪದ ಮುಖ್ಯಪದವಾಗುತ್ತದೆ. ‘ದ ಲಿಸ್ಟ್ ಆಫ್ ನೇಮ್ಸ್’ ಎಂಬಲ್ಲಿ ಯಜಮಾನ ‘ಲಿಸ್ಟ್’. ಆದ್ದರಿಂದ ‘ದ ಲಿಸ್ಟ್ ಆಫ್ ನೇಮ್ಸ್ ಈಸ್ ಆನ್ ದ ಟೇಬಲ್’ ಅನ್ನಬೇಕು. ‘ನೇಮ್ಸ್’ ಕಿವಿಗೆ ಹತ್ತಿರ ಇದೆ ಅಂತ ‘ಆರ್’ ಹಾಕಿದರೆ ತಪ್ಪು. ‘ಒನ್ ಆಫ್ ಮೈ ಫ್ರೆಂಡ್ಸ್ ಈಸ್ ಎ ಡಾಕ್ಟರ್’ ಕೂಡ ಹಾಗೇ. ಯಜಮಾನ ‘ಒನ್’, ಆದ್ದರಿಂದ ‘ಈಸ್’. ಆದರೆ ಆ ಒಬ್ಬರನ್ನು ಆರಿಸಿದ್ದು ಹಲವರ ನಡುವಿಂದ, ಆದ್ದರಿಂದ ‘ಫ್ರೆಂಡ್ಸ್’. ‘ಒನ್ ಆಫ್ ಮೈ ಫ್ರೆಂಡ್’ ಅಂತ ಹೇಳುವುದು ಎಲ್ಲೆಡೆ ಕೇಳಿಬರುತ್ತದೆ. ಅದನ್ನು ಇವತ್ತೇ ತಿದ್ದಿಕೊಳ್ಳಿ.

ಇದಕ್ಕೆ ಹೊರತಾದ ಕೆಲವು ಇವೆ. ‘ಎ ಲಾಟ್ ಆಫ್’ ಮತ್ತು ‘ಎ ನಂಬರ್ ಆಫ್’ ಬಂದರೆ ಮುಂದಿನ ನಾಮಪದವನ್ನೇ ನೋಡಬೇಕು. ‘ಎ ಲಾಟ್ ಆಫ್ ಪೀಪಲ್ ಆರ್ ವೇಟಿಂಗ್’, ‘ಎ ನಂಬರ್ ಆಫ್ ಸ್ಟೂಡೆಂಟ್ಸ್ ಆರ್ ಆಬ್ಸೆಂಟ್.’ ಆದರೆ ‘ಎ’ ಹೋಗಿ ‘ದ’ ಬಂದರೆ ‘ದ ನಂಬರ್ ಆಫ್ ಸ್ಟೂಡೆಂಟ್ಸ್ ಈಸ್ ಸ್ಮಾಲ್’ ಆಗುತ್ತದೆ. ಮೊದಲನೆಯದು ಹಲವು ವಿದ್ಯಾರ್ಥಿಗಳ ಬಗ್ಗೆ, ಎರಡನೆಯದು ಸಂಖ್ಯೆಯ ಬಗ್ಗೆ.

ಹೆಜ್ಜೆ 3: ಅದು ಎಣಿಸಬಹುದಾದದ್ದೋ?

ಮುಖ್ಯಪದ ಸಿಕ್ಕಿತು. ಈಗ ಅದಕ್ಕೆ ಒಂದೇ ಪ್ರಶ್ನೆ ಕೇಳಿ: ಇಂಗ್ಲಿಷ್ ಇದನ್ನು ಎಣಿಸುತ್ತದೋ ಇಲ್ಲವೋ? ಗಮನಿಸಿ, ನಾವು ಎಣಿಸುತ್ತೇವೋ ಅಂತ ಕೇಳುವುದಲ್ಲ. ಕನ್ನಡದಲ್ಲಿ ಸಲಹೆಗಳು, ಮಾಹಿತಿಗಳು, ಸಾಕ್ಷ್ಯಗಳು ಅಂತ ಧಾರಾಳವಾಗಿ ಹೇಳುತ್ತೇವೆ. ಇಂಗ್ಲಿಷ್‌ನಲ್ಲಿ ಅಡ್ವೈಸ್, ಇನ್ಫರ್ಮೇಷನ್, ಎವಿಡೆನ್ಸ್ ಇವಕ್ಕೆ ಬಹುವಚನವೇ ಇಲ್ಲ. ಫರ್ನಿಚರ್, ಲಗೇಜ್, ಇಕ್ವಿಪ್‌ಮೆಂಟ್, ಹೋಮ್‌ವರ್ಕ್, ಪ್ರೋಗ್ರೆಸ್ ಕೂಡ ಇದೇ ಸಾಲಿನವು. ‘ಫರ್ನಿಚರ್ಸ್’, ‘ಇಕ್ವಿಪ್‌ಮೆಂಟ್ಸ್’ ಅಂತ ಬೋರ್ಡ್‌ಗಳ ಮೇಲೇ ಕಂಡರೂ ಅದು ಸರಿಯಾದ ರೂಪ ಅಲ್ಲ. ಎಣಿಸಲೇಬೇಕಾದರೆ ‘ಎ ಪೀಸ್ ಆಫ್ ಅಡ್ವೈಸ್’, ‘ಟೂ ಪೀಸಸ್ ಆಫ್ ಲಗೇಜ್’ ಅಂತ ಮುಂದೆ ಒಂದು ಅಳತೆ ಪದ ಇಡಬೇಕು. ಬಹುವಚನದ ಎಸ್ ಆ ಅಳತೆ ಪದಕ್ಕೆ ಹೋಗುತ್ತದೆ.

‘ನ್ಯೂಸ್’ ಪದದ ಕೊನೆಯ ಎಸ್ ಮೋಸ ಮಾಡುತ್ತದೆ. ಅದು ಏಕವಚನ: ‘ದ ನ್ಯೂಸ್ ಈಸ್ ಗುಡ್.’ ‘ಪೊಲೀಸ್’ ಎಸ್ ಇಲ್ಲದೆಯೂ ಬಹುವಚನ: ‘ದ ಪೊಲೀಸ್ ಆರ್ ಕಮಿಂಗ್.’ ಕತ್ತರಿ ಒಂದೇ ಇದ್ದರೂ ‘ಸಿಸರ್ಸ್ ಆರ್’.

ಕೆಲವು ಪದ ಎರಡೂ ಕಡೆ ಓಡಾಡುತ್ತವೆ. ‘ಪೇಪರ್’ ಅಂದರೆ ಕಾಗದ, ಎಣಿಸುವಂತಿಲ್ಲ. ‘ಎ ಪೇಪರ್’ ಅಂದರೆ ಪತ್ರಿಕೆ ಅಥವಾ ಪ್ರಬಂಧ. ‘ಎಕ್ಸ್‌ಪೀರಿಯನ್ಸ್’ ಅಂದರೆ ಕೆಲಸ ಮಾಡಿ ಗಳಿಸಿದ ಅನುಭವ, ‘ಆ್ಯನ್ ಎಕ್ಸ್‌ಪೀರಿಯನ್ಸ್’ ಅಂದರೆ ನಡೆದುಹೋದ ಒಂದು ಘಟನೆ. ಅನುಮಾನ ಬಂದಾಗ ಕಲಿಯುವವರಿಗಾಗಿ ಮಾಡಿದ ಡಿಕ್ಷನರಿ ತೆರೆಯಿರಿ. ಪದದ ಪಕ್ಕದಲ್ಲಿ ಸಿ ಅಂತಿದ್ದರೆ ಎಣಿಸಬಹುದು, ಯು ಅಂತಿದ್ದರೆ ಇಲ್ಲ. ಅರ್ಥ ನೋಡಿ ಮುಚ್ಚಿಬಿಡದೆ ಈ ಒಂದು ಅಕ್ಷರವನ್ನೂ ನೋಡುವ ಅಭ್ಯಾಸ ಮಾಡಿಕೊಂಡರೆ ತುಂಬ ಲಾಭ.

ಸಂಖ್ಯೆ ಜೊತೆಗಿದ್ದಾಗ ಇನ್ನೊಂದು ಎಚ್ಚರ ಬೇಕು. ಕನ್ನಡದಲ್ಲಿ ‘ಹತ್ತು ಪುಸ್ತಕ ತಂದೆ’ ಅಂದರೆ ಸಾಕು, ‘ಗಳು’ ಬೇಕಾಗಿಲ್ಲ. ಹತ್ತು ಅಂದಮೇಲೆ ಗೊತ್ತಾಯಿತಲ್ಲ. ಇಂಗ್ಲಿಷ್ ಅಷ್ಟಕ್ಕೆ ಬಿಡುವುದಿಲ್ಲ, ‘ಟೆನ್ ಬುಕ್ಸ್’ ಅನ್ನಲೇಬೇಕು. ಸೊನ್ನೆಗೂ ಬಹುವಚನವೇ: ‘ಝೀರೋ ಡಿಗ್ರೀಸ್’. ಆದರೆ ಇದೇ ಸಂಖ್ಯೆ ಇನ್ನೊಂದು ನಾಮಪದದ ಮುಂದೆ ವಿಶೇಷಣವಾಗಿ ಕೂತರೆ ಎಸ್ ಮಾಯವಾಗುತ್ತದೆ. ‘ದ ಬಾಯ್ ಈಸ್ ಟೆನ್ ಇಯರ್ಸ್ ಓಲ್ಡ್’, ಆದರೆ ‘ಎ ಟೆನ್-ಇಯರ್-ಓಲ್ಡ್ ಬಾಯ್’.

ಹೆಜ್ಜೆ 4: ಬಾಗಿಲಲ್ಲಿ ಯಾರಿದ್ದಾರೆ?

ಗುಂಪಿನ ಎಡತುದಿಯಲ್ಲಿ ನಿಲ್ಲುವ ಎ, ಆ್ಯನ್, ದ, ದಿಸ್, ದಟ್, ಮೈ, ಯುವರ್, ಸಮ್, ಎವ್ರಿ ಇಂಥ ಪದಗಳಿಗೆ ಡಿಟರ್ಮಿನರ್ ಅಂತ ಹೆಸರು. ಅಳತೆಯಲ್ಲಿ ಚಿಕ್ಕವು, ಆದರೆ ಕೆಲಸ ದೊಡ್ಡದು. ಇವುಗಳ ತೂಕ ಎಷ್ಟು ಅಂದರೆ, 1987ರಲ್ಲಿ ಸ್ಟೀವನ್ ಆ್ಯಬ್ನಿ ಎಂಬ ಭಾಷಾವಿಜ್ಞಾನಿ ಈ ಗುಂಪಿನ ನಿಜವಾದ ಯಜಮಾನ ನಾಮಪದವಲ್ಲ, ಡಿಟರ್ಮಿನರ್ ಅಂತಲೇ ವಾದಿಸಿದರು. ಆಮೇಲೆ ಎಷ್ಟೋ ಭಾಷಾವಿಜ್ಞಾನಿಗಳು ಆ ದಾರಿ ಹಿಡಿದರು. ಕಲಿಯುವವರಿಗೆ ಆ ಚರ್ಚೆ ಬೇಡ, ಆ ಪದಗಳನ್ನು ಹಗುರವಾಗಿ ಕಾಣಬಾರದು ಅನ್ನುವುದಷ್ಟೇ ಸಾಕು.

ಒಂದು ನಿಯಮವನ್ನಂತೂ ಗಟ್ಟಿಯಾಗಿ ಹಿಡಿದುಕೊಳ್ಳಿ. ಎಣಿಸಬಹುದಾದ ನಾಮಪದ ಏಕವಚನದಲ್ಲಿದ್ದರೆ ಅದು ಒಂಟಿಯಾಗಿ ನಿಲ್ಲುವಂತಿಲ್ಲ. ‘ಐ ಬಾಟ್ ಬುಕ್’ ತಪ್ಪು. ಎ ಬುಕ್, ದ ಬುಕ್, ಮೈ ಬುಕ್, ದಿಸ್ ಬುಕ್, ಯಾವುದಾದರೂ ಇರಲಿ, ಏನೋ ಒಂದು ಇರಲೇಬೇಕು. ‘ಬೈ ಬಸ್’, ‘ಅಟ್ ನೈಟ್’, ‘ಗೋ ಟು ಸ್ಕೂಲ್’ ಥರದ ಕೆಲವು ರೂಢಿ ಮಾತುಗಳಿಗೆ ಮಾತ್ರ ರಿಯಾಯಿತಿ.

ಹಾಗಾದರೆ ‘ಎ’ ಯಾವಾಗ, ‘ದ’ ಯಾವಾಗ? ಕನ್ನಡದಲ್ಲಿ ಆರ್ಟಿಕಲ್ ಇಲ್ಲ, ಅದಕ್ಕೇ ಇದು ನಮಗೆ ಗೋಜಲು ಅನ್ನಿಸುತ್ತದೆ. ಆದರೆ ಇದರ ಹಿಂದಿನ ಭಾವನೆ ನಮಗೆ ಹೊಸದಲ್ಲ. ‘ಪುಸ್ತಕ ಓದಿದೆ’ ಮತ್ತು ‘ಪುಸ್ತಕವನ್ನು ಓದಿದೆ’ ಎರಡನ್ನೂ ಜೋರಾಗಿ ಹೇಳಿ ನೋಡಿ. ಮೊದಲನೆಯದು ಯಾವುದೋ ಒಂದು ಪುಸ್ತಕ. ಎರಡನೆಯದರಲ್ಲಿ, ಮಾತಿನಲ್ಲಿ ಆಗಲೇ ಬಂದುಹೋದ ಆ ಪುಸ್ತಕ ಅನ್ನುವ ಛಾಯೆ ಇದೆ. ಇಂಗ್ಲಿಷ್ ‘ದ’ ಮಾಡುವುದು ಹೆಚ್ಚೂಕಡಿಮೆ ಇದನ್ನೇ. ಕೇಳುವವರಿಗೆ ಯಾವುದು ಅಂತ ಗೊತ್ತಿದೆ ಅನ್ನಿಸಿದರೆ ‘ದ’ ಹಾಕಿ. ಗೊತ್ತಿಲ್ಲ, ಮೊದಲ ಸಲ ಹೇಳುತ್ತಿದ್ದೀರಿ ಅಂದರೆ ‘ಎ’ ಹಾಕಿ. ‘ಐ ಬಾಟ್ ಎ ಬುಕ್. ದ ಬುಕ್ ಈಸ್ ವೆರಿ ಗುಡ್.’ ಇಡೀ ಜಾತಿಯ ಬಗ್ಗೆ ಮಾತಾಡುವಾಗ ಬಹುವಚನ ಇಟ್ಟು ಏನೂ ಹಾಕಬೇಡಿ: ‘ಡಾಗ್ಸ್ ಆರ್ ಲಾಯಲ್.’ ಇಲ್ಲಿ ‘ದ ಡಾಗ್ಸ್’ ಅಂದರೆ ನಿಮಗೂ ನನಗೂ ಗೊತ್ತಿರುವ ಕೆಲವೇ ನಾಯಿಗಳು ಅಂತಾಗುತ್ತದೆ.

‘ಎ’ ಮತ್ತು ‘ಆ್ಯನ್’ ನಡುವೆ ಆರಿಸುವುದು ಕಿವಿ, ಸ್ಪೆಲಿಂಗ್ ಅಲ್ಲ. ಆ್ಯನ್ ಅವರ್, ಆ್ಯನ್ ಎಂಎಲ್‌ಎ, ಎ ಯೂನಿವರ್ಸಿಟಿ, ಎ ಯುರೋಪಿಯನ್.

ಮುಖ್ಯ ಡಿಟರ್ಮಿನರ್‌ಗೆ ಇರುವುದು ಒಂದೇ ಕುರ್ಚಿ. ‘ನನ್ನ ಈ ಪುಸ್ತಕ’ ಅನ್ನುವುದು ಕನ್ನಡದಲ್ಲಿ ಚೆಂದ. ಅದನ್ನೇ ‘ದಿಸ್ ಮೈ ಬುಕ್’ ಅಂದರೆ ಇಂಗ್ಲಿಷ್‌ನಲ್ಲಿ ಇಬ್ಬರು ಒಂದೇ ಕುರ್ಚಿಗೆ ಜಗಳಕ್ಕೆ ನಿಂತಂತೆ. ಒಬ್ಬರನ್ನು ಹಿಂದಕ್ಕೆ ಕಳಿಸಿ: ‘ದಿಸ್ ಬುಕ್ ಆಫ್ ಮೈನ್’. ಆಲ್, ಬೋತ್, ಹಾಫ್ ಥರದ ಕೆಲವು ಪದ ಮಾತ್ರ ಅದಕ್ಕೂ ಮುಂಚೆ ಬರಬಹುದು: ಬೋತ್ ಮೈ ಬ್ರದರ್ಸ್, ಹಾಫ್ ದ ಮನಿ. ಸಂಖ್ಯೆಗಳು ಅದರ ನಂತರ: ಮೈ ತ್ರೀ ಬೆಸ್ಟ್ ಫ್ರೆಂಡ್ಸ್. ‘ಈಚ್’, ‘ಎವ್ರಿ’ ಬಂದರೆ ನಾಮಪದ ಏಕವಚನ: ಎವ್ರಿ ಸ್ಟೂಡೆಂಟ್. ‘ಫ್ಯೂ’ ಅಂದರೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ‘ಎ ಫ್ಯೂ’ ಅಂದರೆ ಪರವಾಗಿಲ್ಲ, ಕೆಲವಾದರೂ ಇವೆ. ಒಂದು ‘ಎ’ಯಿಂದ ನಿರಾಸೆ ಸಮಾಧಾನವಾಗುತ್ತದೆ.

ಹೆಜ್ಜೆ 5: ನಡುವಿನ ವಿಶೇಷಣಗಳು

ಇಲ್ಲಿ ಜಾಸ್ತಿ ಹೊತ್ತು ನಿಲ್ಲಬೇಕಿಲ್ಲ. ಡಿಟರ್ಮಿನರ್ ಮತ್ತು ಮುಖ್ಯಪದದ ನಡುವೆ ವಿಶೇಷಣಗಳು ಬರುತ್ತವೆ. ಒಂದಕ್ಕಿಂತ ಹೆಚ್ಚಿದ್ದರೆ ನಮ್ಮ ಅಭಿಪ್ರಾಯ ಮೊದಲು, ಆಮೇಲೆ ಗಾತ್ರ, ವಯಸ್ಸು, ಆಕಾರ, ಬಣ್ಣ, ಮೂಲ, ಯಾವುದರಿಂದ ಮಾಡಿದ್ದು ಅನ್ನುವ ಸಾಲು. ‘ಎ ಬ್ಯೂಟಿಫುಲ್ ಸ್ಮಾಲ್ ರೌಂಡ್ ವುಡನ್ ಟೇಬಲ್.’ ಬಾಯಿಪಾಠ ಬೇಡ. ವಸ್ತುವಿನಿಂದ ಬಿಡಿಸಲಾಗದ ಗುಣ ಮುಖ್ಯಪದಕ್ಕೆ ಹತ್ತಿರ, ನಮ್ಮ ಮನಸ್ಸಿನ ಮಾತು ದೂರ ಅಂತ ನೆನಪಿಟ್ಟರೆ ಸಾಕು. ‘ಸಮ್‌ಥಿಂಗ್’, ‘ಎನಿಒನ್’ ಥರದ ಪದಗಳಿಗೆ ಮಾತ್ರ ವಿಶೇಷಣ ಹಿಂದೆ ಬರುತ್ತದೆ: ‘ಸಮ್‌ಥಿಂಗ್ ಸ್ಪೆಷಲ್’.

ಹೆಜ್ಜೆ 6: ಬಲಗಡೆಯ ಬಾಲ

ಕನ್ನಡಿಗರಿಗೆ ನಿಜವಾದ ತಿರುವು ಇರುವುದು ಇಲ್ಲಿ. ಕನ್ನಡದಲ್ಲಿ ನಾಮಪದದ ಬಗ್ಗೆ ಏನು ಹೇಳಬೇಕಾದರೂ ಅದರ ಎಡಕ್ಕೇ ಹೇಳುತ್ತೇವೆ, ಎಷ್ಟೇ ಉದ್ದವಿರಲಿ. ‘ಗೇಟ್ ಹತ್ತಿರ ನಿಂತು ಫೋನ್‌ನಲ್ಲಿ ಮಾತಾಡುತ್ತಿರುವ ಹುಡುಗ.’ ಹುಡುಗ ಬರುವುದು ಕೊನೆಗೆ. ಇಂಗ್ಲಿಷ್‌ನಲ್ಲಿ ಚಿಕ್ಕ ವಿವರ ಎಡಕ್ಕೆ, ಬಾಲ ಇರುವ ವಿವರ ಬಲಕ್ಕೆ.

‘ದ ಸ್ಲೀಪಿಂಗ್ ಚೈಲ್ಡ್.’ ಒಂದೇ ಪದ, ಆದ್ದರಿಂದ ಎಡಕ್ಕೆ. ‘ದ ಚೈಲ್ಡ್ ಸ್ಲೀಪಿಂಗ್ ಆನ್ ದ ಸೋಫಾ.’ ‘ಆನ್ ದ ಸೋಫಾ’ ಎಂಬ ಬಾಲ ಬಂತು, ಪೂರ್ತಿ ಬಲಕ್ಕೆ ಹೋಯಿತು. ಹಾಗೆಯೇ ‘ಎ ಫುಲ್ ಬಾಟಲ್’, ಆದರೆ ‘ಎ ಬಾಟಲ್ ಫುಲ್ ಆಫ್ ವಾಟರ್’.

ಬಾಲದ ಮೇಲೆ ಬಾಲ ಬಂದಾಗ ಏನಾಗುತ್ತದೆ ಅಂತ ಹತ್ತಿರದಿಂದ ನೋಡೋಣ. ‘ದ ಕೀ ಟು ದ ಡೋರ್ ಆಫ್ ದ ರೂಮ್ ಬಿಹೈಂಡ್ ದ ಲೈಬ್ರರಿ.’ ಇದನ್ನು ಕನ್ನಡದಲ್ಲಿ ಹೇಳಿ: ‘ಲೈಬ್ರರಿಯ ಹಿಂದಿರುವ ಕೋಣೆಯ ಬಾಗಿಲಿನ ಕೀಲಿ.’ ಇಂಗ್ಲಿಷ್‌ನ ಸಾಲು ಕೀಲಿ, ಬಾಗಿಲು, ಕೋಣೆ, ಲೈಬ್ರರಿ. ಕನ್ನಡದ ಸಾಲು ಲೈಬ್ರರಿ, ಕೋಣೆ, ಬಾಗಿಲು, ಕೀಲಿ. ಪೂರ್ತಿ ತಿರುಗುಮುರುಗು. ಹಾಗಾಗಿ ಉದ್ದದ ಇಂಗ್ಲಿಷ್ ಗುಂಪು ಅರ್ಥವಾಗದಿದ್ದರೆ ಅದರ ಬಲತುದಿಯಿಂದ ಎಡಕ್ಕೆ ಓದಿಕೊಂಡು ಬನ್ನಿ, ಕನ್ನಡ ತಾನಾಗಿ ಸಿಗುತ್ತದೆ. ಬರೆಯುವಾಗ ಕನ್ನಡದಲ್ಲಿ ಕೊನೆಗೆ ಬರುವ ಪದದಿಂದ ಶುರು ಮಾಡಿ.

‘ಹೂ’, ‘ವಿಚ್’, ‘ದಟ್’ ಬರುವ ಬಾಲಕ್ಕೂ ಇದೇ ಕ್ರಮ. ನಿನ್ನೆ ಬಂದ ಹೆಂಗಸು, ‘ದ ವುಮನ್ ಹೂ ಕೇಮ್ ಯೆಸ್ಟರ್ಡೇ’. ಇಲ್ಲಿ ಒಂದು ಎಚ್ಚರಿಕೆ. ‘ದ ಬುಕ್ ದಟ್ ಐ ಬಾಟ್ ಇಟ್’ ಅಂತ ಬರೆಯಬೇಡಿ. ‘ದಟ್’ ಆಗಲೇ ಪುಸ್ತಕದ ಜಾಗ ಹಿಡಿದಿದೆ, ‘ಇಟ್’ಗೆ ಅಲ್ಲಿ ಕೆಲಸವಿಲ್ಲ. ಇನ್ನೊಂದು, ಕಾಮಾ. ‘ಮೈ ಬ್ರದರ್ ಹೂ ಈಸ್ ಎ ಡಾಕ್ಟರ್’ ಅಂತ ಕಾಮಾ ಇಲ್ಲದೆ ಬರೆದರೆ ನಿಮಗೆ ಬೇರೆ ಅಣ್ಣತಮ್ಮಂದಿರೂ ಇದ್ದಾರೆ, ಅವರಲ್ಲಿ ಡಾಕ್ಟರ್ ಆದವನು ಅಂತ ಅರ್ಥ. ಎರಡೂ ಕಡೆ ಕಾಮಾ ಹಾಕಿದರೆ, ಇರುವವನೇ ಒಬ್ಬ, ಅವನು ಡಾಕ್ಟರ್ ಅನ್ನುವುದು ಹೆಚ್ಚಿನ ಮಾಹಿತಿ ಅಷ್ಟೇ.

ಬಾಲವನ್ನು ಗುರುತಿಸದಿದ್ದರೆ ಇಂಗ್ಲಿಷ್ ಮನೆಮಾತಿನವರೂ ದಾರಿ ತಪ್ಪುತ್ತಾರೆ. 1970ರಲ್ಲಿ ಥಾಮಸ್ ಬೆವರ್ ಎಂಬ ವಿದ್ವಾಂಸರು ಕೊಟ್ಟ ಒಂದು ವಾಕ್ಯ ಇದಕ್ಕೇ ಹೆಸರಾಗಿದೆ: ‘ದ ಹಾರ್ಸ್ ರೇಸ್ಡ್ ಪಾಸ್ಟ್ ದ ಬಾರ್ನ್ ಫೆಲ್.’ ಕುದುರೆ ಕೊಟ್ಟಿಗೆ ದಾಟಿ ಓಡಿತು ಅಂತ ಓದುತ್ತಾ ಹೋಗುತ್ತೇವೆ. ಕೊನೆಯ ‘ಫೆಲ್’ ಬಂದಾಗ ತಬ್ಬಿಬ್ಬಾಗುತ್ತೇವೆ. ಈಗ ಹೆಜ್ಜೆ 1ರ ಪರೀಕ್ಷೆ ಮಾಡಿ. ‘ಫೆಲ್’ ಮುಂಚಿನ ಪೂರ್ತಿ ಭಾಗ ತೆಗೆದು ‘ಇಟ್’ ಇಡಿ: ‘ಇಟ್ ಫೆಲ್.’ ನಿಂತಿತು! ಅಂದರೆ ‘ರೇಸ್ಡ್ ಪಾಸ್ಟ್ ದ ಬಾರ್ನ್’ ಎಂಬುದು ಬರೀ ಬಾಲ. ಕೊಟ್ಟಿಗೆಯಾಚೆ ಓಡಿಸಿದ ಕುದುರೆ ಬಿತ್ತು. ಅಷ್ಟೇ ವಿಷಯ.

ಹೆಜ್ಜೆ 7: ಅಪಾಸ್ಟ್ರಫಿ ಎಸ್

ಒಂದು ಕಾಲಕ್ಕೆ ಇಂಗ್ಲಿಷ್ ನಾಮಪದಗಳಿಗೂ ಕನ್ನಡದ ಹಾಗೆ ವಿಭಕ್ತಿ ಪ್ರತ್ಯಯಗಳಿದ್ದವು. ಶತಮಾನಗಳು ಕಳೆದಂತೆ ಅವು ಸವೆದುಹೋದವು. ಅದಕ್ಕೇ ಇವತ್ತು ಯಾರು ಯಾರಿಗೆ ಏನು ಮಾಡಿದರು ಅಂತ ಹೇಳಲು ಪದಗಳ ಜಾಗವೇ ಆಧಾರ. ನಾಮಪದಗಳಲ್ಲಿ ಆ ಹಳೆಯ ಪ್ರತ್ಯಯಗಳ ಗುರುತು ಉಳಿದಿರುವುದು ಮುಖ್ಯವಾಗಿ ‘ಯಾರದು’ ಅಂತ ಹೇಳುವ ಈ ಅಪಾಸ್ಟ್ರಫಿ ಎಸ್‌ನಲ್ಲಿ. ಅದೂ ಈಗ ಪದಕ್ಕಲ್ಲ, ಗುಂಪಿನ ತುದಿಗೆ ಅಂಟುತ್ತದೆ. ‘ದ ಮ್ಯಾನ್ ನೆಕ್ಸ್ಟ್ ಡೋರ್ಸ್ ಕಾರ್’ ಅಂತ ಮಾತಿನಲ್ಲಿ ಹೇಳುತ್ತಾರೆ. ಎಸ್ ಕೂತಿರುವುದು ‘ಡೋರ್’ ಮೇಲೆ, ಆದರೆ ಕಾರು ಬಾಗಿಲಿನದಲ್ಲ, ಪಕ್ಕದ ಮನೆಯವನದು. ಬರೆಯುವಾಗ ಒಬ್ಬ ಹುಡುಗನದಾದರೆ ಅಪಾಸ್ಟ್ರಫಿ ಎಸ್‌ಗಿಂತ ಮುಂಚೆ, ಹಲವು ಹುಡುಗರದಾದರೆ ಎಸ್ ಆದಮೇಲೆ.

ಹೆಜ್ಜೆ 8: ನೀವೇ ಒಂದು ಕಟ್ಟಿ

‘ಲೆಟರ್’ ತೆಗೆದುಕೊಳ್ಳಿ. ಎಣಿಸಬಹುದು, ಏಕವಚನ, ಹಾಗಾಗಿ ಒಂಟಿ ಬಿಡುವಂತಿಲ್ಲ: ‘ಎ ಲೆಟರ್’. ಎಡಕ್ಕೆ ಒಂದು ಪದ: ‘ಎ ಲಾಂಗ್ ಲೆಟರ್’. ಬಲಕ್ಕೆ ಬಾಲ: ‘ಎ ಲಾಂಗ್ ಲೆಟರ್ ಫ್ರಮ್ ಮೈ ಸಿಸ್ಟರ್’. ಇನ್ನೊಂದು ಬಾಲ: ‘ಎ ಲಾಂಗ್ ಲೆಟರ್ ಫ್ರಮ್ ಮೈ ಸಿಸ್ಟರ್ ಅಬೌಟ್ ಹರ್ ನ್ಯೂ ಜಾಬ್’. ಇದಕ್ಕೆ ‘ದಟ್ ಕೇಮ್ ಯೆಸ್ಟರ್ಡೇ’ ಸೇರಿಸಿ ನೋಡಿ. ನಿನ್ನೆ ಬಂದದ್ದು ಪತ್ರವೋ, ಕೆಲಸವೋ? ಬಾಲವನ್ನು ಓದುಗರು ಹತ್ತಿರದ ನಾಮಪದಕ್ಕೇ ಮೊದಲು ಅಂಟಿಸಿಕೊಳ್ಳುತ್ತಾರೆ. ಗೊಂದಲ ಕಂಡರೆ ಆ ಬಾಲ ಕತ್ತರಿಸಿ, ಆ ಮಾತನ್ನು ಕ್ರಿಯಾಪದದ ಕಡೆ ಸಾಗಿಸಿ.

ಆಮೇಲೆ ಈ ಗುಂಪನ್ನು ವಾಕ್ಯದಲ್ಲಿ ಎಲ್ಲಿಡಬೇಕು ಅಂತ ನೋಡಿ. ‘ಎ ಲಾಂಗ್ ಲೆಟರ್ ಫ್ರಮ್ ಮೈ ಸಿಸ್ಟರ್ ಅಬೌಟ್ ಹರ್ ನ್ಯೂ ಜಾಬ್ ಕೇಮ್ ಯೆಸ್ಟರ್ಡೇ’ ಅಂದರೆ ತಪ್ಪೇನಿಲ್ಲ, ಆದರೆ ಓದುಗರು ಕ್ರಿಯಾಪದಕ್ಕಾಗಿ ಹತ್ತು ಪದ ಕಾಯಬೇಕು. ಇಂಗ್ಲಿಷ್‌ಗೆ ಭಾರದ ಗುಂಪು ವಾಕ್ಯದ ಕೊನೆಯಲ್ಲಿದ್ದರೆ ಇಷ್ಟ: ‘ಯೆಸ್ಟರ್ಡೇ ಐ ಗಾಟ್ ಎ ಲಾಂಗ್ ಲೆಟರ್ ಫ್ರಮ್ ಮೈ ಸಿಸ್ಟರ್ ಅಬೌಟ್ ಹರ್ ನ್ಯೂ ಜಾಬ್.’ ನೀವು ಬರೆದ ಯಾವುದಾದರೂ ಹಳೆಯ ಈಮೇಲ್ ತೆಗೆದು ಪ್ರತಿ ಗುಂಪಿನ ಕೆಳಗೆ ಗೆರೆ ಎಳೆಯಿರಿ. ಕ್ರಿಯಾಪದಕ್ಕಿಂತ ಮುಂಚಿನ ಗೆರೆ ಉದ್ದವಾಗಿದ್ದರೆ ಆ ವಾಕ್ಯವನ್ನು ಹೀಗೆ ತಿರುಗಿಸಿ ಬರೆಯಿರಿ.